ಜಗಲಿಯಿಂದ ರೆಸಾರ್ಟಿಗೆ

‘ಅತಿಥಿ’ ಎಂಬ ಮಾತಿಗೆ ನಮ್ಮ ಹಿರಿಯರು ಹೇಳಿಕೊಂಡು ಬಂದ ಅರ್ಥವೊಂದಿದೆ: ಬರುವುದಕ್ಕೆ ತಿಥಿಯಿಲ್ಲದವನು, ಎಂದರೆ ಇಂಥ ದಿನ ಬರುತ್ತೇನೆಂದು ತಿಳಿಸದೆ ಬಾಗಿಲಿಗೆ ಬಂದು ನಿಂತವನು. ಈ ಲೆಕ್ಕದಲ್ಲಿ ರೆಸಾರ್ಟಿಗೆ ಹೋಗುವ ನಾವು ಯಾರೂ ಅತಿಥಿಗಳಲ್ಲ. ಬರುವ ದಿನ, ಹೊರಡುವ ಗಂಟೆ, ಎಷ್ಟು ಜನ, ಊಟ ಯಾವ ಬಗೆಯದು, ಎಲ್ಲವನ್ನೂ ಮೊದಲೇ ತಿಳಿಸಿ, ಮುಂಗಡವನ್ನೂ ಕಟ್ಟಿ ಹೋಗುವವರು ನಾವು. ಆದರೂ ಅಲ್ಲಿಯವರು ನಮ್ಮನ್ನು ಅತಿಥಿಗಳೆಂದೇ ಕರೆಯುತ್ತಾರೆ. ಶಬ್ದ ಹಾಗೆಯೇ ಉಳಿದು ಅರ್ಥ ಮಾತ್ರ ಪಕ್ಕಕ್ಕೆ ಸರಿದಿದ್ದರೆ, ನಡುವೆ ಏನೋ ಚರಿತ್ರೆ ನಡೆದಿದೆ ಎಂದು ತಿಳಿಯಬೇಕು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಬೆಟ್ಟಗಳಲ್ಲಿ ಆ ಚರಿತ್ರೆ ನೋಡತಕ್ಕದ್ದಾಗಿದೆ.

ಮೋಟಾರು ಬರುವುದಕ್ಕೆ ಮುಂಚೆ ಈ ಸೀಮೆಯ ದಾರಿಗಳಲ್ಲಿ ಓಡಾಡುತ್ತಿದ್ದವರು ಮುಖ್ಯವಾಗಿ ಎರಡು ಬಗೆಯವರು. ಅಡಕೆ, ಮೆಣಸು, ಏಲಕ್ಕಿಗಳನ್ನು ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಇಳಿದು, ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ವ್ಯಾಪಾರಿಗಳು ಒಂದು ಬಗೆ. ಶೃಂಗೇರಿ, ಕಳಸ, ಹೊರನಾಡುಗಳಿಗೆ ನಡೆದು ಹೋಗುತ್ತಿದ್ದ ಯಾತ್ರಿಕರು ಇನ್ನೊಂದು ಬಗೆ. ಮಲೆನಾಡಿನಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಒತ್ತಾಗಿ ಕೂಡಿ ಊರಾಗುವುದಿಲ್ಲ. ಗದ್ದೆಯ ಅಂಚಿಗೊಂದು, ತೋಟದ ಮಗ್ಗುಲಿಗೊಂದು ಒಂಟಿಮನೆ. ಕತ್ತಲಾಯಿತು, ಮಳೆ ಹಿಡಿಯಿತು ಎಂದರೆ ಕಣ್ಣಿಗೆ ಬಿದ್ದ ಮನೆಯ ಜಗಲಿಯೇ ಗತಿ. ಇಂಗ್ಲಿಷಿನ ‘ರೆಸಾರ್ಟ್’ ಎಂಬ ಶಬ್ದಕ್ಕೂ ಮೊದಲಿದ್ದ ಅರ್ಥ ಆಸರೆ, ಮೊರೆಹೋಗುವ ಸ್ಥಳ ಎಂದೇ. ಆ ಅರ್ಥದಲ್ಲಿ ಮಲೆನಾಡಿನ ಮೊದಲ ರೆಸಾರ್ಟ್ ಜಗಲಿ. ಹಂಡೆಯ ಬಿಸಿನೀರು, ಒಂದು ಊಟ, ಒಂದು ಚಾಪೆ. ದುಡ್ಡಿನ ಮಾತೇ ಇಲ್ಲ. ಇದು ಬರಿಯ ಔದಾರ್ಯವೂ ಅಲ್ಲ. ಇಂದು ಚಾಪೆ ಹಾಸಿದವನು ನಾಳೆ ತಾನೂ ಅದೇ ದಾರಿಯಲ್ಲಿ ನೆನೆಯಬೇಕಾದವನು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಇಂದಿಗೂ ನಡೆಯುತ್ತಿರುವ ಊಟದಲ್ಲಿ ಆ ಹಳೆಯ ಕಟ್ಟಳೆಯನ್ನು ಕಾಣಬಹುದು.

ಆದರೆ ಜಗಲಿಯನ್ನು ಹೊಗಳುವಾಗ ಅದರ ಮೆಟ್ಟಿಲುಗಳನ್ನು ಮರೆಯಬಾರದು. ಬಂದವನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ‘ಯಾವ ಜನ?’ ಎಂಬುದೂ ಒಂದು. ಉತ್ತರದ ಮೇಲೆ ಒಬ್ಬನಿಗೆ ನಡುಮನೆ, ಒಬ್ಬನಿಗೆ ಜಗಲಿ, ಒಬ್ಬನಿಗೆ ಅಂಗಳದ ಅಂಚು. ಅಂಗಳಕ್ಕೂ ಬರಲಾಗದೆ ದೂರದಿಂದ ಕೂಗಿ ನಿಲ್ಲಬೇಕಾದವರೂ ಇದ್ದರು. ಮಳೆ ಎಲ್ಲರ ಮೇಲೂ ಒಂದೇ ಸಮ ಸುರಿಯುತ್ತಿತ್ತು, ಸೂರು ಹಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಏರ್ಪಾಡು ಬಂದಿತು. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ರಸ್ತೆ, ಟಪಾಲುಗಳ ಜೊತೆಗೆ ಪ್ರವಾಸದ ಅಧಿಕಾರಿಗಳು ತಂಗುವ ಬಂಗಲೆಗಳು ಬಂದವು. ಬಂಗಾಳದ ಮನೆಯ ಮಾದರಿಯಿಂದ ಹೆಸರು ಪಡೆದ ಈ ಕಟ್ಟಡದಲ್ಲಿ ಒಬ್ಬ ಕಾವಲಿನವನು, ಒಂದು ದಾಖಲೆ ಪುಸ್ತಕ, ಗೋಡೆಯ ಮೇಲೊಂದು ದರದ ಪಟ್ಟಿ. ಸಾಮಾನ್ಯ ಪ್ರಯಾಣಿಕರಿಗೆ ಮುಸಾಫರಖಾನೆ, ಛತ್ರಗಳು. ತಂಗುವುದಕ್ಕೂ ಒಂದು ನಿಯಮ, ಒಂದು ಬೆಲೆ ಉಂಟೆಂಬುದನ್ನು ಈ ಬೆಟ್ಟಗಳ ಜನ ಕಂಡದ್ದು ಇಲ್ಲಿ. ಇಂದಿನ ಪ್ರವಾಸಿಮಂದಿರಗಳು ಆ ಬಂಗಲೆಗಳ ಮೊಮ್ಮಕ್ಕಳು.

ಇದೇ ಕಾಲದಲ್ಲಿ ಕಾಫಿಯೂ ದೊಡ್ಡದಾಗಿ ಬೆಳೆಯಿತು. ಬಾಬಾಬುಡನ್ ಏಳು ಬೀಜ ತಂದನೆಂಬ ಹದಿನೇಳನೆಯ ಶತಮಾನದ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಅದನ್ನು ವ್ಯಾಪಾರದ ತೋಟವಾಗಿ ಬೆಳೆಸಹೊರಟ ಯೂರೋಪಿಯನ್ನರಲ್ಲಿ ಥಾಮಸ್ ಕ್ಯಾನನ್ ಮೊದಲಿಗರಲ್ಲೊಬ್ಬ. ಕಾಲ 1830ರ ಸುಮಾರು. ಬಳಿಕ ಬಂದ ಬಿಳಿಯ ತೋಟಗಾರರು ಮನೆ ಕಟ್ಟುವ ಜಾಗವನ್ನೇ ಬದಲಾಯಿಸಿದರು. ಮಲೆನಾಡಿಗನ ಮನೆ ಸಾಮಾನ್ಯವಾಗಿ ಗಾಳಿ ತಪ್ಪಿಸಿಕೊಂಡು, ಗದ್ದೆಗೆ ಕಣ್ಣಿಟ್ಟುಕೊಂಡು ತಗ್ಗಿನಲ್ಲಿ ಕುಳಿತಿರುತ್ತದೆ. ದೊರೆಗಳ ಬಂಗಲೆ ಗುಡ್ಡ ಹತ್ತಿತು. ದೂರದ ನೋಟ ಎಂಬುದೂ ಮನೆಗೆ ಬೇಕಾದ ಒಂದು ಅನುಕೂಲ ಎಂಬ ಭಾವನೆ ಅವರ ಜೊತೆ ಬಂದದ್ದು. ಪಕ್ಕದ ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿ ಚಿನ್ನ, ಕಾಫಿ ಎರಡರ ನಡುವೆ ‘ಸ್ಪೋರ್ಟ್’ ಎಂಬ ಮಾತಿದೆ. ಎಂದರೆ ಬೇಟೆ. ಬಂಗಲೆಗೆ ಬಂದ ನೆಂಟರಿಗೆ ಅದೇ ವಿನೋದ. 1972ರ ವನ್ಯಜೀವಿ ಕಾಯ್ದೆಯ ಅನಂತರ ಬೇಟೆ ನಿಂತಿತು; ಈಗ ಅದರ ಸ್ಥಾನದಲ್ಲಿ ಚಾರಣ, ಜೀಪಿನ ಸವಾರಿ. ನಾಲ್ವಡಿ ಕೃಷ್ಣರಾಜ ಒಡೆಯರೂ ಬೇಸಿಗೆಯ ಬೀಡಿಗೆ ಕೆಮ್ಮಣ್ಣುಗುಂಡಿಯನ್ನು ಆರಿಸಿಕೊಂಡರು. ಹೀಗೆ ದಾರಿಯ ನಡುವಿನ ತಂಗುದಾಣವಾಗಿದ್ದ ಬೆಟ್ಟ, ದಾರಿಯ ಕೊನೆಯಾಯಿತು.

ಹಾಗಾದರೆ ಆ ಬಂಗಲೆಗಳ ಬಾಗಿಲು ದುಡ್ಡು ಕೊಟ್ಟವರಿಗೆಲ್ಲ ತೆರೆದದ್ದು ಯಾವಾಗ? ಸ್ವಾತಂತ್ರ್ಯದ ಸುಮಾರಿನಿಂದ ಬಿಳಿಯರು ತೋಟಗಳನ್ನು ಮಾರಿ ಹೊರಟರು, ನಮ್ಮವರು ಕೊಂಡರು. 1942ರ ಕಾನೂನಿನ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದ. ಮಾರುವ ಹೊಣೆ ಮಂಡಳಿಯದು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1990ರ ದಶಕದಲ್ಲಿ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಮೊದಮೊದಲು ಒಳ್ಳೆಯ ಬೆಲೆ ಕಂಡ ಬೆಳೆಗಾರ, 2000ದ ಆಚೀಚೆ ಜಗತ್ತಿನ ಮಾರುಕಟ್ಟೆಯೇ ಕುಸಿದಾಗ ಕಂಗಾಲಾದ. ಬ್ರೆಜಿಲ್, ವಿಯೆಟ್ನಾಮುಗಳ ಬೆಳೆ ಹೆಚ್ಚಿದರೆ ಮೂಡಿಗೆರೆಯ ಸಾಲ ಹೆಚ್ಚುವ ಕಾಲ ಅದು. ಆಗ ಖಾಲಿ ಬಿದ್ದಿದ್ದ ಕೋಣೆಗಳ ಬೀಗ ತೆಗೆಯಿತು. ಹೋಮ್‌ಸ್ಟೇ ಬಂದಿತು, ಅದರ ಬೆನ್ನಿಗೆ ರೆಸಾರ್ಟು. ಅಡಕೆ, ಮೆಣಸು, ಕಾಫಿಗಳ ಸಾಲಿಗೆ ಅತಿಥಿಯೂ ಒಂದು ಬೆಳೆಯಾಗಿ ಸೇರಿದ. ಹೂಮಳೆ ಕೈಕೊಟ್ಟ ವರ್ಷವೂ ಶನಿವಾರ ಕೈಬಿಡುವುದಿಲ್ಲ!

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯ ಅಂಥದೊಂದು ರೆಸಾರ್ಟಿನಲ್ಲಿ ಇತ್ತೀಚೆಗೆ ನಾನು ಎರಡು ರಾತ್ರಿ ತಂಗಿದ್ದೆ. ಹಳೆಯ ಬಂಗಲೆಯ ಸುತ್ತ ಹೊಸ ಕೋಣೆಗಳು. ಕಾಫಿ ಒಣಗಿಸುತ್ತಿದ್ದ ಕಣದಲ್ಲಿ ಕಾರುಗಳು. ಬೆಳಗ್ಗೆ ಕಡುಬು, ಅಕ್ಕಿರೊಟ್ಟಿ, ರುಚಿಗೆ ಹೆಸರಿಡುವಂತಿರಲಿಲ್ಲ. ವರಾಂಡದಲ್ಲಿ ಕುಳಿತರೆ ಬೆಟ್ಟದ ಸಾಲು, ಅದರ ಕೆಳಗೆ ಮರಗಳ ಸಂದಿನಲ್ಲಿ ಲೈನ್ ಮನೆಗಳ ಹೆಂಚು. ಕೋಣೆ ಗುಡಿಸಲು ಬಂದ ನಡುವಯಸ್ಸಿನ ಹೆಂಗಸನ್ನು ‘ನಿಮ್ಮೂರು ಯಾವುದಮ್ಮ?’ ಎಂದು ಕೇಳಿದೆ. ಆಕೆ ಹುಟ್ಟಿದ್ದು ಅದೇ ಲೈನಿನಲ್ಲಿ. ತಾಯಿ ಅದೇ ತೋಟದಲ್ಲಿ ಹಣ್ಣು ಕೊಯ್ದವಳು. ‘ಅವ್ವ ಕಣದಿಂದ ಮೇಲೆ ಹತ್ತಿದವಳಲ್ಲ ಸಾರ್. ಈ ವರಾಂಡಕ್ಕೆ ಕಾಲಿಡೋ ಹಾಗಿರಲಿಲ್ಲ. ಈಗ ಎಲ್ಲಾ ರೂಮಿನ ಬೀಗದಕೈ ನನ್ನ ಹತ್ರ ಇರ್ತವೆ’ ಎಂದಳು. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಸಂಜೆ ಬೀಗದಕೈಗಳನ್ನು ಆಫೀಸಿಗೆ ಕೊಟ್ಟು ಲೈನಿಗೆ ಇಳಿದು ಹೋದಳು.

ಲಾಭನಷ್ಟಗಳ ಲೆಕ್ಕ ಹಾಕುವವರು ಆ ಹೆಮ್ಮೆಯನ್ನೂ, ಸಂಜೆ ಇಳಿದು ಹೋದದ್ದನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ರೆಸಾರ್ಟಿನ ದಾಖಲೆ ಪುಸ್ತಕ ಹೆಸರು, ವಿಳಾಸ ಕೇಳುತ್ತದೆ, ‘ಯಾವ ಜನ?’ ಎಂಬುದಕ್ಕೆ ಅದರಲ್ಲಿ ಕಲಂ ಇಲ್ಲ. ನೂರು ವರ್ಷದ ಹಿಂದೆ ಅಂಗಳದಲ್ಲಿ ನಿಲ್ಲಬೇಕಾಗಿದ್ದವನ ಮೊಮ್ಮಗ ಇಂದು ದುಡ್ಡು ಕೊಟ್ಟು ಬಂಗಲೆಯ ಮಂಚದಲ್ಲಿ ಮಲಗಬಲ್ಲ. ಇದು ಸಣ್ಣ ಬದಲಾವಣೆಯಲ್ಲ. ಜಗಲಿ ಮಾಡಲಾರದ್ದನ್ನು ಹಣ ಮಾಡಿತು. ಆದರೆ ದುಡ್ಡಿಲ್ಲದೆ ಮಳೆಯಲ್ಲಿ ಬಂದವನಿಗೆ ಜಗಲಿ ಕೊಡುತ್ತಿದ್ದುದನ್ನು ಹಣ ಕೊಡುವುದಿಲ್ಲ. ಜಗಲಿ, ಬಂಗಲೆ, ರೆಸಾರ್ಟು, ಮೂರರ ಕಾಲದಲ್ಲೂ ನೆಲ ಕಾಯ್ದವರು, ಹಣ್ಣು ಕೊಯ್ದವರು ಅತಿಥಿಯೂ ಆಗಲಿಲ್ಲ, ಮನೆಯವರೂ ಆಗಲಿಲ್ಲ. ತೋಟದ ಕೆಲಸಗಾರರಿಗೆ ಮನೆ ಒದಗಿಸಬೇಕೆಂದು 1951ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. ಇಂದು ಕೊಯ್ಲಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅಷ್ಟು ದೂರದಿಂದ ಬಂದವರು ಬೇರೆಯವರಿಲ್ಲ. ಆದರೂ ಅವರನ್ನು ಅತಿಥಿಗಳೆಂದು ಯಾರೂ ಕರೆಯುವುದಿಲ್ಲ.

ಹೊರನಾಡಿನ ಊಟದ ಪಂಕ್ತಿ, ಸರ್ಕಾರದ ಪ್ರವಾಸಿಮಂದಿರ, ಗುಡ್ಡದ ರೆಸಾರ್ಟು, ಮೂರೂ ಇಂದು ಒಂದೇ ದಿನದ ಬಸ್ಸಿನ ದಾರಿಯಲ್ಲಿ ನೋಡಸಿಗುತ್ತವೆ. ರಜೆಗೆಂದು ಆ ಕಡೆ ಹೊರಡುವ ವಾಚಕರು ಬೆಟ್ಟವನ್ನು ಕಣ್ತುಂಬ ನೋಡಲಿ, ಕಡುಬನ್ನು ಹೊಟ್ಟೆತುಂಬ ತಿನ್ನಲಿ. ಜೊತೆಗೆ ಅಲ್ಲಿಯ ಹಳಬರನ್ನು ಒಂದು ಮಾತು ಕೇಳಲಿ: ಈ ಮನೆ ಕಟ್ಟಿದಾಗ ಇಲ್ಲಿ ಯಾರು ಮಲಗುತ್ತಿದ್ದರು, ಯಾರು ಮಲಗುವ ಹಾಗಿರಲಿಲ್ಲ? ಉತ್ತರ ಹೇಳಬಲ್ಲವರು ಇನ್ನೂ ಅಲ್ಲಿದ್ದಾರೆ. ಕೇಳುವವರಿದ್ದರೆ ಹೇಳುತ್ತಾರೆ.