ಲಾಯದಿಂದ ಕಾಲೇಜಿಗೆ

ಬೆಳಗೊಳಕ್ಕೆ ಸಮೀಪದ ಶ್ರೀರಂಗಪಟ್ಟಣ 1610ರಲ್ಲಿ ಮೈಸೂರು ಅರಸರ ವಶವಾಯಿತು. ಮುಂದೆ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1627ರಲ್ಲಿ, ಪದ್ಮಣ ಪಂಡಿತ 'ಹಯಸಾರಸಮುಚ್ಚಯ'ವೆಂಬ ಅಶ್ವವೈದ್ಯ ಗ್ರಂಥ ರಚಿಸಿದ. ಕನ್ನಡಕ್ಕೆ ಇದು ಹೊಸದಲ್ಲ. ಸುಮಾರು 1400ರಲ್ಲೇ ಅಭಿನವಚಂದ್ರ 'ಅಶ್ವವೈದ್ಯ' ಬರೆದಿದ್ದ.

ಈ ಶ್ರದ್ಧೆಗೆ ಕಾರಣವಿತ್ತು. ಒಳ್ಳೆಯ ಕುದುರೆ ಅರಬ್ ನಾಡಿನಿಂದ ಹಡಗಿನಲ್ಲಿ ಬರಬೇಕು. ಅದು ಸತ್ತರೆ ಬೊಕ್ಕಸಕ್ಕೇ ಪೆಟ್ಟು. ಟಿಪ್ಪು ಸುಲ್ತಾನ್ ಕುಣಿಗಲ್‌ನಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕಿಸಿದ್ದೂ ಈ ಕೊರತೆ ನೀಗಲೆಂದೇ.

ಇಂದು ಬ್ರಿಟನ್, ಅಮೆರಿಕಗಳ ಕಾಲೇಜುಗಳಲ್ಲಿ ಕುದುರೆಯ ವರ್ತನೆ, ತರಬೇತಿ, ಪುನಶ್ಚೇತನಗಳೇ ಪಠ್ಯ. ಅಲ್ಲಿನ ಮೊದಲ ಪಾಠ ಸರಳ: ಕುದುರೆ ಓಡಿ ಬದುಕುವ ಪ್ರಾಣಿ. ಕಣ್ಣುಗಳು ತಲೆಯ ಇಕ್ಕೆಲದಲ್ಲಿರುವುದರಿಂದ ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ. ಆದರೆ ನೇರ ಹಿಂದೆ ನಿಂತವರು ಕಾಣರು. ಆದ್ದರಿಂದ ಭುಜದ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋಗಬೇಕು. ಒದೆತ ಹಲವು ಬಾರಿ ಹಠವಲ್ಲ, ಭಯ ಅಥವಾ ನೋವು. ಹೊಡೆದರೆ ಭಯ ಹೆಚ್ಚುತ್ತದೆ. ಸರಿಯಾಗಿ ನಡೆದೊಡನೆ ಲಗಾಮು ಸಡಿಲಿಸಿದರೆ ಕಲಿಯುತ್ತದೆ.

ನಮ್ಮಲ್ಲೂ ಪಶುವೈದ್ಯ ಪದವಿಯವರು ಕುದುರೆಯ ಚಿಕಿತ್ಸೆ ಕಲಿಯುತ್ತಾರೆ. ಆದರೆ ದಿನವಿಡೀ ಲಗಾಮು ಹಿಡಿಯುವವನು ಮೈಸೂರಿನ ಟಾಂಗಾದವನು. ಅರಸನ ಕುದುರೆಗೆ ಅಂದು ಕನ್ನಡದಲ್ಲೇ ಶಾಸ್ತ್ರವಿತ್ತು. ಬಡವನ ಕುದುರೆಗೂ ಇಂದು ಅದೇ ಭಾಷೆಯಲ್ಲಿ ಈ ತಿಳಿವಳಿಕೆ ದೊರೆಯಬೇಕು.