ಆಕರ ಸಂಕೇತದಿಂದ ತಂತ್ರಾಂಶ ಕಟ್ಟುವ ಬಗೆ: ಕನ್ನಡ ಓದಬಲ್ಲ ‘ಟೆಸೆರಾಕ್ಟ್’ನ ನಿದರ್ಶನ

ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಗಣಕಕ್ಕೆ ಏರಿಸಿದ ಮಾತ್ರಕ್ಕೆ ಗಣಕವು ಅದನ್ನು ಓದಿತೆಂದು ಹೇಳಲಾಗದು. ಗಣಕದ ಪಾಲಿಗೆ ಆ ಪುಟ ಬರಿಯ ಚಿತ್ರ. ಅದರಲ್ಲಿ ಪದವೊಂದನ್ನು ಹುಡುಕಲಾಗದು, ತಪ್ಪನ್ನು ತಿದ್ದಲಾಗದು, ದೃಷ್ಟಿಹೀನರಿಗಾಗಿ ಗಣಕದಿಂದಲೇ ಗಟ್ಟಿಯಾಗಿ ಓದಿಸಲೂ ಆಗದು. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವನ್ನಾಗಿ ಪರಿವರ್ತಿಸುವ ತಂತ್ರಜ್ಞಾನಕ್ಕೆ ‘ಓಸಿಆರ್’ ಎಂದು ಹೆಸರು. ಕನ್ನಡವನ್ನೂ ಓದಬಲ್ಲ ಇಂತಹ ಮುಕ್ತ ತಂತ್ರಾಂಶಗಳಲ್ಲಿ ಪ್ರಮುಖವಾದುದು ‘ಟೆಸೆರಾಕ್ಟ್’.

ಮುಕ್ತ ತಂತ್ರಾಂಶವೆಂದರೆ ಹಣ ಕೊಡದೆ ದೊರೆಯುವ ತಂತ್ರಾಂಶ ಎಂದಷ್ಟೇ ಅರ್ಥವಲ್ಲ. ಅದರ ಆಕರ ಸಂಕೇತ, ಅಂದರೆ ತಂತ್ರಜ್ಞರು ಬರೆದ ಮೂಲ ಸಾಲುಗಳು, ಎಲ್ಲರಿಗೂ ತೆರೆದಿರುತ್ತವೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಆದರೆ ಈ ಸ್ವಾತಂತ್ರ್ಯ ಪರವಾನಗಿ ಪತ್ರದಲ್ಲೇ ಉಳಿಯದೆ ನಮ್ಮ ಕೈಗೆ ಬರಬೇಕಾದರೆ, ಆ ಸಂಕೇತವನ್ನು ತಂದು ನಮ್ಮದೇ ಗಣಕದಲ್ಲಿ ಕಟ್ಟಿ ಅನುಸ್ಥಾಪಿಸಲು ತಿಳಿದಿರಬೇಕು. ಆ ಕ್ರಮವನ್ನು ಟೆಸೆರಾಕ್ಟ್‌ನ ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಟೆಸೆರಾಕ್ಟ್ ಹುಟ್ಟಿದ್ದು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರಯೋಗಾಲಯದಲ್ಲಿಯೂ ಅಮೆರಿಕದ ಕೊಲರಾಡೋ ರಾಜ್ಯದ ಗ್ರೀಲಿಯಲ್ಲಿಯೂ 1985ರಿಂದ 1994ರವರೆಗೆ ಅದರ ಕೆಲಸ ನಡೆಯಿತು. ಬಳಿಕ ಹಲವು ವರ್ಷ ಅದು ಬಹುಮಟ್ಟಿಗೆ ಮೂಲೆಗೆ ಬಿದ್ದಿತ್ತು. 2005ರಲ್ಲಿ ಸಂಸ್ಥೆಯು ಅದರ ಆಕರ ಸಂಕೇತವನ್ನು ಸಾರ್ವಜನಿಕಗೊಳಿಸಿತು. 2006ರಿಂದ 2018ರವರೆಗೆ ಗೂಗಲ್ ಅದನ್ನು ಬೆಳೆಸಿತು. 2018ರಲ್ಲಿ ಬಂದ 4ನೆಯ ಆವೃತ್ತಿಯು ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಹಳೆಯ ಕ್ರಮದ ಜೊತೆಗೆ, ಇಡೀ ಸಾಲನ್ನು ನರಜಾಲದ ಮೂಲಕ ಓದುವ ಹೊಸ ಕ್ರಮವನ್ನು ತಂದಿತು. ಒತ್ತಕ್ಷರ, ಗುಣಿತಾಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕನ್ನಡದಂತಹ ಲಿಪಿಗಳಿಗೆ ಈ ಬದಲಾವಣೆ ಮಹತ್ವದ್ದು. 5.0 ಆವೃತ್ತಿ 2021ರ ನವೆಂಬರ್ 30ರಂದು ಹೊರಬಂದಿತು. ಟೆಸೆರಾಕ್ಟ್ ನೂರಕ್ಕೂ ಹೆಚ್ಚು ಭಾಷೆಗಳನ್ನು ಓದಬಲ್ಲದು. ಅದರ ಪರವಾನಗಿ ‘ಅಪಾಚೆ 2.0’. ಅದು ಸ್ವತಂತ್ರ ತಂತ್ರಾಂಶವೂ ಹೌದು, ಇತರ ತಂತ್ರಾಂಶಗಳು ತಮ್ಮೊಳಗೆ ಸೇರಿಸಿಕೊಳ್ಳಬಹುದಾದ ಚೌಕಟ್ಟೂ ಹೌದು.

ಸಿದ್ಧರೂಪ ಸಾಲದೆ?

ಬಹುಪಾಲು ಬಳಕೆದಾರರಿಗೆ ಸಾಕು. ಲಿನಕ್ಸ್ ವಿತರಣೆಗಳಲ್ಲಿ ಟೆಸೆರಾಕ್ಟ್ ಸಿದ್ಧರೂಪದಲ್ಲಿಯೇ ದೊರೆಯುತ್ತದೆ; ಒಂದೇ ಆದೇಶದಿಂದ ಅದನ್ನು ಅನುಸ್ಥಾಪಿಸಬಹುದು. ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬರುವ ಅನುಕೂಲವೂ ಅದಕ್ಕಿದೆ. ಹಾಗಿರುವಾಗ ಆಕರದಿಂದ ಕಟ್ಟುವ ಶ್ರಮವೇಕೆ?

ಮೊದಲ ಕಾರಣ ಆವೃತ್ತಿ. ವಿತರಣೆಗಳು ಸ್ಥಿರತೆಗಾಗಿ ಹಳೆಯ ಆವೃತ್ತಿಯನ್ನೇ ಉಳಿಸಿಕೊಳ್ಳುವುದುಂಟು. ಟೆಸೆರಾಕ್ಟ್ 5.0 ಬಂದು ಐದು ತಿಂಗಳ ನಂತರ, 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 22.04ರಲ್ಲಿ ಇದ್ದುದು 2019ರ 4.1.1 ಆವೃತ್ತಿ. ಎರಡನೆಯ ಕಾರಣ ತಿದ್ದುವ ಅಗತ್ಯ. ಸಂಕೇತದಲ್ಲಿ ಒಂದೇ ಒಂದು ಸಾಲನ್ನು ಬದಲಿಸಿದರೂ ತಂತ್ರಾಂಶವನ್ನು ಮತ್ತೆ ಕಟ್ಟಲೇಬೇಕು. ಮೂರನೆಯದು ನಂಬಿಕೆಯ ಪ್ರಶ್ನೆ. ಅದನ್ನು ಮುಂದೆ ನೋಡೋಣ.

ಪೂರ್ವಸಿದ್ಧತೆ

ಆಕರ ಸಂಕೇತವು ಮನುಷ್ಯರು ಓದಬಲ್ಲ ಭಾಷೆಯಲ್ಲಿದೆ. ಗಣಕದ ಸಂಸ್ಕಾರಕಕ್ಕೆ ಅರ್ಥವಾಗುವುದು ಯಂತ್ರಭಾಷೆ ಮಾತ್ರ. ಮೊದಲನೆಯದನ್ನು ಎರಡನೆಯದಕ್ಕೆ ಪರಿವರ್ತಿಸುವ ಸಾಧನವೇ ಕಂಪೈಲರ್. ಟೆಸೆರಾಕ್ಟ್‌ನ 5ನೆಯ ಆವೃತ್ತಿಗೆ ಸಿ++ ಭಾಷೆಯ 2017ರ ಮಾನಕವನ್ನು ಬಲ್ಲ ಕಂಪೈಲರ್ ಬೇಕು. ಇದರೊಡನೆ ‘ಗಿಟ್’, ‘ಮೇಕ್’, ‘ಆಟೋಕಾನ್ಫ್’, ‘ಆಟೋಮೇಕ್’, ‘ಲಿಬ್‌ಟೂಲ್’, ‘ಪಿಕೆಜಿ ಕಾನ್ಫಿಗ್’ ಎಂಬ ಸಾಧನಗಳಿರಬೇಕು. ಇವುಗಳಲ್ಲಿ ‘ಮೇಕ್’ ಹಿರಿಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರೂಪಿಸಿದ ಈ ಸಾಧನ ಇಂದಿಗೂ ನಿತ್ಯ ಬಳಕೆಯಲ್ಲಿದೆ.

ಟೆಸೆರಾಕ್ಟ್ ತಾನೊಂದೇ ನಿಲ್ಲುವ ತಂತ್ರಾಂಶವಲ್ಲ. ಚಿತ್ರವನ್ನು ತೆರೆಯುವುದು ಮೊದಲಾದ ಕೆಲಸಗಳನ್ನು ‘ಲೆಪ್ಟೋನಿಕಾ’ ಎಂಬ ಮತ್ತೊಂದು ಮುಕ್ತ ಸಂಕಲನವು ಮಾಡಿಕೊಡುತ್ತದೆ. ಲೆಪ್ಟೋನಿಕಾ ತನ್ನ ಪಾಲಿಗೆ ಪಿಎನ್‌ಜಿ, ಜೆಪೆಗ್, ಟಿಫ್ ಚಿತ್ರಗಳನ್ನು ಓದುವ ಸಂಕಲನಗಳನ್ನು ಅವಲಂಬಿಸಿದೆ. ಆದುದರಿಂದ ಮೊದಲು ಚಿತ್ರ ಸಂಕಲನಗಳು, ಬಳಿಕ ಲೆಪ್ಟೋನಿಕಾ, ಕೊನೆಗೆ ಟೆಸೆರಾಕ್ಟ್ ಎಂಬ ಕ್ರಮವನ್ನು ಪಾಲಿಸಬೇಕು. ಮನೆ ಕಟ್ಟುವಾಗ ತಳಪಾಯಕ್ಕೆ ಮೊದಲು ಗೋಡೆ ಏಳದು. ಅವಲಂಬಿತ ಸಂಕಲನಗಳನ್ನು ವಿತರಣೆಯ ಭಂಡಾರದಿಂದಲೇ ಪಡೆಯಬಹುದು. ಆದರೆ ಹೆಸರಿನ ಕೊನೆಯಲ್ಲಿ ‘ಡೆವ್’ ಅಥವಾ ‘ಡೆವೆಲ್’ ಎಂದಿರುವ ರೂಪವನ್ನೇ ಆರಿಸಬೇಕು. ಸಾಮಾನ್ಯ ರೂಪವು ತಂತ್ರಾಂಶವನ್ನು ನಡೆಸಲು ಸಾಕು. ಕಟ್ಟಲು ಬೇಕಾದ ಹೆಡರ್ ಕಡತಗಳು ಅದರಲ್ಲಿ ಇರುವುದಿಲ್ಲ.

ಕಟ್ಟುವ ಹಂತಗಳು

ಕೆಳಗಿನ ಆದೇಶಗಳನ್ನು ಲಿನಕ್ಸ್ ಗಣಕದ ಟರ್ಮಿನಲ್‌ನಲ್ಲಿ ರೋಮನ್ ಲಿಪಿಯಲ್ಲಿ ಕೀಲಿಸತಕ್ಕದ್ದು. ಇಲ್ಲಿ ಅವುಗಳ ಉಚ್ಚಾರವನ್ನಷ್ಟೇ ಕೊಟ್ಟಿದೆ.

1. ಆಕರವನ್ನು ತರುವುದು: ‘ಗಿಟ್ ಕ್ಲೋನ್’ ಆದೇಶದಿಂದ ಯೋಜನೆಯ ಅಧಿಕೃತ ಭಂಡಾರದ ಪ್ರತಿಯನ್ನು ತಂದುಕೊಳ್ಳಬೇಕು. ಭಂಡಾರದ ಮುಖ್ಯ ಶಾಖೆಯಲ್ಲಿ ಕೆಲಸ ನಿರಂತರ ನಡೆಯುತ್ತಿರುವುದರಿಂದ, ನಿತ್ಯ ಬಳಕೆಗೆ ಬಿಡುಗಡೆಯ ಸಂಖ್ಯೆಯ ಗುರುತಿರುವ ಆವೃತ್ತಿಯನ್ನು ‘ಗಿಟ್ ಚೆಕ್‌ಔಟ್’ ಮೂಲಕ ಆರಿಸಿಕೊಳ್ಳುವುದು ಕ್ಷೇಮ.

2. ಸಜ್ಜುಗೊಳಿಸುವುದು: ‘ಆಟೋಜೆನ್’ ಎಂಬ ಲಿಪಿಕೆಯನ್ನು ನಡೆಸಿದರೆ ‘ಕಾನ್ಫಿಗರ್’ ಎಂಬ ಮತ್ತೊಂದು ಲಿಪಿಕೆ ತಯಾರಾಗುತ್ತದೆ.

3. ಪರೀಕ್ಷಿಸುವುದು: ‘ಕಾನ್ಫಿಗರ್’ ನಡೆಸಿದಾಗ ಅದು ಕಂಪೈಲರ್ ಇದೆಯೇ, ಲೆಪ್ಟೋನಿಕಾ ಇದೆಯೇ, ಇದ್ದರೆ ಸಾಕಷ್ಟು ಹೊಸತೇ ಎಂದು ಒಂದೊಂದನ್ನೂ ಕೇಳುತ್ತಾ ಹೋಗುತ್ತದೆ. ಎಲ್ಲವೂ ಸರಿ ಇದ್ದರೆ ಕಟ್ಟುವ ಕ್ರಮವನ್ನು ವಿವರಿಸುವ ‘ಮೇಕ್‌ಫೈಲ್’ಗಳನ್ನು ಬರೆದಿಡುತ್ತದೆ. ಆಡಳಿತಾಧಿಕಾರವಿಲ್ಲದ ಗಣಕದಲ್ಲಿ ಕೆಲಸ ಮಾಡುವವರು ಇಲ್ಲಿಯೇ ‘ಪ್ರಿಫಿಕ್ಸ್’ ಆಯ್ಕೆಯ ಮೂಲಕ ತಮ್ಮ ಸ್ವಂತ ಕಡತಕೋಶವನ್ನು ಸೂಚಿಸಬಹುದು.

4. ಕಟ್ಟುವುದು: ‘ಮೇಕ್’ ಎಂದರೆ ಕಂಪೈಲರ್ ಕೆಲಸ ಆರಂಭಿಸುತ್ತದೆ. ಸಂಸ್ಕಾರಕದಲ್ಲಿ ಹಲವು ತಿರುಳುಗಳಿದ್ದರೆ ‘ಜೆ’ ಆಯ್ಕೆಯ ಮುಂದೆ ಆ ಸಂಖ್ಯೆಯನ್ನು ಕೊಟ್ಟು ಕೆಲಸವನ್ನು ಹಂಚಬಹುದು. ಪರದೆಯ ಮೇಲೆ ಸಾಲುಗಳು ಧಾವಿಸುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ‘ವಾರ್ನಿಂಗ್’ ಎಂದರೆ ಎಚ್ಚರಿಕೆ ಮಾತ್ರ; ‘ಎರರ್’ ಎಂದು ಬಂದರೆ ಕೆಲಸ ನಿಂತಿದೆ ಎಂದರ್ಥ.

5. ಅನುಸ್ಥಾಪಿಸುವುದು: ‘ಸುಡೋ ಮೇಕ್ ಇನ್‌ಸ್ಟಾಲ್’ ಆದೇಶವು ಕಟ್ಟಿದ ಕಡತಗಳನ್ನು ‘ಯುಎಸ್‌ಆರ್’ ಕೋಶದೊಳಗಿನ ‘ಲೋಕಲ್’ ಎಂಬಲ್ಲಿಗೆ ನಕಲಿಸುತ್ತದೆ. ಆಡಳಿತಾಧಿಕಾರ ಬೇಕಾಗುವುದು ಈ ಹಂತದಿಂದ ಮಾತ್ರ. ಹಿಂದಿನ ಹಂತಗಳಲ್ಲಿ ‘ಸುಡೋ’ ಬಳಸಬಾರದು.

6. ನೋಂದಾಯಿಸುವುದು: ‘ಸುಡೋ ಎಲ್‌ಡಿಕಾನ್ಫಿಗ್’ ನಡೆಸಿದರೆ ಹೊಸ ಸಂಕಲನ ಎಲ್ಲಿದೆ ಎಂಬುದು ವ್ಯವಸ್ಥೆಗೆ ತಿಳಿಯುತ್ತದೆ.

ಭಾಷಾ ದತ್ತಾಂಶ

ಇಷ್ಟಾದರೂ ಟೆಸೆರಾಕ್ಟ್‌ಗೆ ಕನ್ನಡ ಬಾರದು. ಎಂಜಿನ್ ಬೇರೆ, ಭಾಷೆಯ ಅರಿವು ಬೇರೆ. ಕೆ, ಎ, ಎನ್ ಎಂಬ ಮೂರಕ್ಷರಗಳ ಹೆಸರಿನ, ‘ಟ್ರೇನ್ಡ್‌ಡೇಟಾ’ ಎಂಬ ಬಾಲವುಳ್ಳ ಕಡತವನ್ನು ಪ್ರತ್ಯೇಕವಾಗಿ ತಂದು ‘ಟೆಸ್‌ಡೇಟಾ’ ಕೋಶದಲ್ಲಿ ಇಡಬೇಕು. ಈ ದತ್ತಾಂಶದ ಮೂರು ಭಂಡಾರಗಳಿವೆ. ‘ಫಾಸ್ಟ್’ ವೇಗಕ್ಕೆ, ‘ಬೆಸ್ಟ್’ ನಿಖರತೆಗೆ. ಹೆಚ್ಚುವರಿ ವಿಶೇಷಣವಿಲ್ಲದ ಮೂರನೆಯದು ಕೆಲವು ಭಾಷೆಗಳಿಗೆ ಹಳೆಯ ಕ್ರಮವನ್ನೂ ಬೆಂಬಲಿಸುತ್ತದೆ. ಮುಂದೆ ಹೊಸ ಮುದ್ರಣಗಳಿಗೆ ತರಬೇತಿ ಕೊಡುವ ಉದ್ದೇಶವಿದ್ದರೆ ‘ಬೆಸ್ಟ್’ ಅನ್ನೇ ಆರಿಸಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿರುವ ಪುಟಗಳಿಗೆ ಎರಡೂ ಭಾಷೆಗಳ ಸಂಕೇತಗಳನ್ನು ಕೂಡಿಸುವ ಚಿಹ್ನೆಯಿಂದ ಜೋಡಿಸಿ ಕೊಡಬಹುದು.

ಎಡವುವ ಸ್ಥಳಗಳು

ಆಕರದಿಂದ ಕಟ್ಟುವವರು ಎದುರಿಸುವ ತೊಡಕುಗಳಲ್ಲಿ ಬಹುಪಾಲು ಕೆಲವೇ ಬಗೆಯವು.

‘ಲೆಪ್ಟೋನಿಕಾ ಬೇಕು’ ಎಂದು ‘ಕಾನ್ಫಿಗರ್’ ನಿಂತರೆ ಅದರ ‘ಡೆವ್’ ರೂಪ ಇಲ್ಲವೆಂದೋ ಆವೃತ್ತಿ ಹಳೆಯದೆಂದೋ ತಿಳಿಯಬೇಕು. ಕಟ್ಟಿದ ಮೇಲೂ ಹಂಚಿಕೆಯ ಸಂಕಲನ ತೆರೆಯಲಾಗಲಿಲ್ಲ ಎಂದು ಬಂದರೆ ಆರನೆಯ ಹಂತ ಬಿಟ್ಟುಹೋಗಿದೆ. ದತ್ತಾಂಶ ಕಡತ ಸಿಗಲಿಲ್ಲ ಎಂದರೆ ಅದು ಸರಿಯಾದ ಕೋಶದಲ್ಲಿಲ್ಲ. ಕಡತವನ್ನು ಸ್ಥಳಾಂತರಿಸಬಹುದು, ಇಲ್ಲವೇ ‘ಟೆಸ್‌ಡೇಟಾ ಪ್ರಿಫಿಕ್ಸ್’ ಎಂಬ ಪರಿಸರ ಚರಕ್ಕೆ ಕೋಶದ ವಿಳಾಸ ಕೊಡಬಹುದು. ಹೊಸತನ್ನು ಕಟ್ಟಿದರೂ ಹಳೆಯ ಆವೃತ್ತಿಯೇ ಉತ್ತರಿಸುತ್ತಿದ್ದರೆ, ವಿತರಣೆಯ ಸಿದ್ಧರೂಪ ಇನ್ನೂ ಗಣಕದಲ್ಲಿದೆ ಎಂದರ್ಥ. ‘ಟೆಸೆರಾಕ್ಟ್ ವರ್ಷನ್’ ಎಂದು ಕೇಳಿದರೆ ಟೆಸೆರಾಕ್ಟ್, ಲೆಪ್ಟೋನಿಕಾ ಎರಡರ ಆವೃತ್ತಿಗಳೂ ತಿಳಿಯುತ್ತವೆ. ‘ಲಿಸ್ಟ್ ಲ್ಯಾಂಗ್ಸ್’ ಆಯ್ಕೆಯು ಇರುವ ಭಾಷೆಗಳನ್ನು ಪಟ್ಟಿ ಮಾಡುತ್ತದೆ.

ದೋಷ ಸಂದೇಶಗಳನ್ನು ಓದುವಾಗ ಕೊನೆಯ ಸಾಲಿಗಿಂತ ಮೊದಲು ಕಾಣಿಸಿದ ದೋಷವನ್ನು ಹುಡುಕಬೇಕು. ಉಳಿದವು ಬಹುತೇಕ ಅದರ ಪರಿಣಾಮಗಳೇ. ಕೆಲಸ ಮುಗಿಯಿತೆಂದು ಆಕರದ ಕೋಶವನ್ನು ಅಳಿಸದಿರುವುದೂ ಒಳಿತು. ಮುಂದೊಮ್ಮೆ ‘ಮೇಕ್ ಅನ್‌ಇನ್‌ಸ್ಟಾಲ್’ ಮೂಲಕ ತೆಗೆದುಹಾಕಲು ಅದೇ ಬೇಕು. ಆಕರದಿಂದ ಕಟ್ಟಿದ ತಂತ್ರಾಂಶಕ್ಕೆ ಭದ್ರತಾ ತಿದ್ದುಪಡಿಗಳು ತಾವಾಗಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕಟ್ಟಿದವರೇ ಅದರ ಹೊಣೆಗಾರರು.

ನಂಬಿಕೆಯ ಪ್ರಶ್ನೆ

ಆಕರ ತೆರೆದಿದೆ ಎಂದಾಕ್ಷಣ ತಂತ್ರಾಂಶ ಸುರಕ್ಷಿತವೇ? ಯೂನಿಕ್ಸ್ ಸೃಷ್ಟಿಕರ್ತರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ನಂಬಿಕೆಯ ಬುಡವನ್ನೇ ಅಲುಗಿಸಿದ್ದರು. ಕಂಪೈಲರ್ ಕೆಟ್ಟಿದ್ದರೆ, ಆಕರದಲ್ಲಿ ಕಾಣದ ಕಳ್ಳದಾರಿಯನ್ನು ಅದು ತಂತ್ರಾಂಶದೊಳಗೆ ಸೇರಿಸಬಲ್ಲದು ಎಂದು ಅವರು ತೋರಿಸಿದರು.

ನಾಲ್ಕು ದಶಕಗಳ ಬಳಿಕ, 2024ರ ಮಾರ್ಚ್‌ನಲ್ಲಿ, ಕಟ್ಟುವ ಹಂತದಲ್ಲಿಯೇ ಅಡಗಿದ್ದ ಅಪಾಯವೊಂದು ಬಯಲಾಯಿತು. ಲಿನಕ್ಸ್ ಗಣಕಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ‘ಎಕ್ಸ್‌ಝಡ್’ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸೇರಿತ್ತು. ಅದರ ತಿರುಳು ಪರೀಕ್ಷಾ ಕಡತಗಳ ವೇಷದಲ್ಲಿತ್ತು. ಅದನ್ನು ಎಬ್ಬಿಸುವ ಸಾಲುಗಳು ಸಾರ್ವಜನಿಕ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿಟ್ಟ ಆಕರದ ಗಂಟಿನಲ್ಲಿ, ‘ಕಾನ್ಫಿಗರ್’ ಹಂತಕ್ಕೆ ಸೇರಿದ ಕಡತದಲ್ಲಿ ಮಾತ್ರ ಇದ್ದವು. ದೂರದ ಗಣಕಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದರ ಜಾಡು ಹಿಡಿದರು. ಆಕರ ತೆರೆದಿದ್ದುದರಿಂದ ಅವರಿಗೆ ಮೂಲದವರೆಗೆ ಹೋಗಲು ಸಾಧ್ಯವಾಯಿತು.

ಈ ಪ್ರಕರಣದ ಪಾಠ ನೇರವಾದುದು. ಯಾರೋ ಕಟ್ಟಿಟ್ಟ ಗಂಟಿಗಿಂತ ಅಧಿಕೃತ ಭಂಡಾರದ ಪ್ರತಿಯನ್ನು ತಂದು, ‘ಕಾನ್ಫಿಗರ್’ ಲಿಪಿಕೆಯನ್ನು ನಮ್ಮ ಗಣಕದಲ್ಲಿಯೇ ತಯಾರಿಸಿಕೊಳ್ಳುವುದು ಮೇಲು. ಮೇಲಿನ ಹಂತಗಳಲ್ಲಿ ಈ ಮಾರ್ಗವನ್ನೇ ಸೂಚಿಸಲಾಗಿದೆ. ಇದರಿಂದ ಎಲ್ಲ ಅಪಾಯವೂ ತಪ್ಪುವುದಿಲ್ಲ. ಆದರೆ ಮರೆಯಲ್ಲಿ ನಡೆಯುವ ಒಂದು ಹಂತವಾದರೂ ನಮ್ಮ ಕಣ್ಣಮುಂದೆ ನಡೆಯುತ್ತದೆ.

ಕನ್ನಡದ ಕೆಲಸ

ಟೆಸೆರಾಕ್ಟ್‌ನ ತರಬೇತಿ ವಿಭಾಗದಲ್ಲಿ ಭಾರತೀಯ ಲಿಪಿಗಳಿಗೆಂದೇ ಬರೆದ ಒಂದು ಪರಿಶೀಲಕವಿದೆ. ವ್ಯಂಜನ, ವಿರಾಮ, ಸ್ವರಚಿಹ್ನೆಗಳು ಯಾವ ಅನುಕ್ರಮದಲ್ಲಿ ಬಂದರೆ ಸಾಧುವಾದ ಅಕ್ಷರವಾಗುತ್ತದೆ ಎಂಬ ನಿಯಮಗಳು ಅದರಲ್ಲಿವೆ. ಅಂದರೆ ಕನ್ನಡದ ಅಕ್ಷರ ಯಾವುದು, ಯಾವುದಲ್ಲ ಎಂಬ ತೀರ್ಮಾನ ಸಿ++ ಸಂಕೇತದ ಸಾಲುಗಳಲ್ಲಿ ಬರೆದಿಟ್ಟಿದೆ.

ಈ ತೀರ್ಮಾನ ಸುಲಭದ್ದಲ್ಲ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಬರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಹಾಗೆಯೇ ಉಳಿದು ಯ-ಒತ್ತು ಬರುತ್ತದೆ. ಯೂನಿಕೋಡ್‌ನಲ್ಲಿ ಇವೆರಡರ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯಲ್ಲಿದೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕಾರದಲ್ಲಿ ಭೇದವಿಲ್ಲ. ವ, ಪ, ಷ, ಮಗಳು ಮಾಸಿದ ಮುದ್ರಣದಲ್ಲಿ ಒಂದರಂತೆ ಮತ್ತೊಂದು ಕಾಣುತ್ತವೆ. ಅಚ್ಚುಮೊಳೆಗಳ ಕಾಲದ ಪುಸ್ತಕಗಳಲ್ಲಿ ಇಂತಹ ತೊಡಕುಗಳು ಇನ್ನೂ ಹೆಚ್ಚು. ಸಾಲುಗಳ ಚಿತ್ರ ಮತ್ತು ಅವುಗಳ ಸರಿಯಾದ ಪಠ್ಯವನ್ನು ಜೋಡಿ ಮಾಡಿ ಕೊಟ್ಟರೆ ಟೆಸೆರಾಕ್ಟ್‌ಗೆ ಆ ಮುದ್ರಣದ ತರಬೇತಿ ನೀಡಬಹುದು. ಇದಕ್ಕೆಂದೇ ‘ಟೆಸ್‌ಟ್ರೇನ್’ ಎಂಬ ಪೂರಕ ಯೋಜನೆಯಿದೆ. ಆದರೆ ನಿಯಮವೇ ಕನ್ನಡಕ್ಕೆ ಒಗ್ಗದಿದ್ದರೆ ತರಬೇತಿಯಿಂದ ಪ್ರಯೋಜನವಿಲ್ಲ. ಆಗ ಸಂಕೇತವನ್ನೇ ತಿದ್ದಿ ಮರಳಿ ಕಟ್ಟಬೇಕು.

ಅದನ್ನು ಮಾಡಬೇಕಾದವರು ಕನ್ನಡ ಬಲ್ಲವರೇ. ಅರ್ಕಾವತ್ತಿನ ತಪ್ಪು ಬೇರೆ ದೇಶದ ತಂತ್ರಜ್ಞರ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಬಿದ್ದರೂ ಅದು ತಪ್ಪೆಂದು ಅವರಿಗೆ ತಿಳಿಯುವುದು ಹೇಗೆ? ಕನ್ನಡ ವಿಕಿಸೋರ್ಸ್‌ನಂತಹ ತಾಣಗಳಲ್ಲಿ ಸ್ವಯಂಸೇವಕರು ಹಳೆಯ ಪುಟಗಳನ್ನು ಪಠ್ಯವಾಗಿಸಿ ಕರಡು ತಿದ್ದುತ್ತಿದ್ದಾರೆ. ಓಸಿಆರ್ ಮಾಡಿದ ಒಂದೇ ತಪ್ಪನ್ನು ಪುಟಪುಟದಲ್ಲಿಯೂ ತಿದ್ದುವ ಬದಲು ತಪ್ಪಿನ ಮೂಲವನ್ನು ಒಮ್ಮೆ ಸರಿಪಡಿಸಿ, ಆ ತಿದ್ದುಪಡಿಯನ್ನು ಮೂಲ ಯೋಜನೆಗೆ ಕಳುಹಿಸಿಕೊಟ್ಟರೆ ಅದರ ಫಲ ಎಲ್ಲ ಬಳಕೆದಾರರಿಗೂ ಸಲ್ಲುತ್ತದೆ. ಅದರ ಮೊದಲ ಹೆಜ್ಜೆ ಮೇಲಿನ ಆರು ಹಂತಗಳು. ಬಿಡುವಿನ ದಿನವೊಂದರಲ್ಲಿ ಕಟ್ಟಿ ನೋಡಿ, ಮನೆಯಲ್ಲಿರುವ ಹಳೆಯ ಪುಸ್ತಕದ ಒಂದು ಪುಟವನ್ನು ಓದಿಸಿ. ಅದು ಎಲ್ಲಿ ತಪ್ಪುತ್ತದೆಯೋ ಅಲ್ಲಿಂದಲೇ ನಿಮ್ಮ ಕೆಲಸ ಆರಂಭ.