ಲೋಕಲ್ ಹತ್ತದೆ ಕೆಲಸ, ಊರಿಂದಲೇ ಸಂಬಳ: ‘ರಿಮೋಟ್’ ನೌಕರಿ ಒಪ್ಪುವ ಮುನ್ನ ಠಾಣೆ-ಡೊಂಬಿವಲಿ ಕನ್ನಡಿಗರು ತಿಳಿದಿರಬೇಕಾದ್ದು

ಠಾಣೆ: ಡೊಂಬಿವಲಿಯಿಂದ ನವಿ ಮುಂಬೈನ ಐರೋಲಿಗೆ ಕೆಲಸಕ್ಕೆ ಹೋಗುವವರು ಸೆಂಟ್ರಲ್ ಲೈನ್‌ನ ನೂಕುನುಗ್ಗಲಿನಲ್ಲಿ ಠಾಣೆವರೆಗೆ ಬಂದು, ಅಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿಯಬೇಕು. ಮ್ಯಾಪ್‌ನಲ್ಲಿ ಪಕ್ಕಪಕ್ಕದಲ್ಲೇ ಕಾಣುವ ಈ ಎರಡು ಊರುಗಳ ನಡುವೆ ನೇರ ಲೋಕಲ್ ಇಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಫುಟ್‌ಬೋರ್ಡ್‌ನಲ್ಲಿದ್ದವರು ಹಳಿಗೆ ಬಿದ್ದು ಕನಿಷ್ಠ ನಾಲ್ವರು ಮೃತಪಟ್ಟರು. ಆ ಬಳಿಕವಂತೂ ‘ಮನೆಯಿಂದಲೇ ಮಾಡುವ ಕೆಲಸ ಸಿಕ್ಕರೆ ಸಾಕು’ ಎನ್ನುವ ಮಾತಿಗೆ ಬೇರೆಯದೇ ತೂಕ ಬಂದಿದೆ.

ಇಲ್ಲಿನ ಕನ್ನಡ ಕುಟುಂಬಗಳಿಗೆ ಇನ್ನೊಂದು ಆಸೆಯೂ ಇದೆ. ಉಡುಪಿ, ಕುಂದಾಪುರ, ಕಾರವಾರ ಅಥವಾ ಹುಬ್ಬಳ್ಳಿ ಕಡೆಯಲ್ಲಿರುವ ಹಿರಿಯರ ಜೊತೆ ವರ್ಷದಲ್ಲಿ ಎರಡು ಮೂರು ತಿಂಗಳಾದರೂ ಇದ್ದು, ಅಲ್ಲಿಂದಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಬೇಕು ಎಂಬುದು. ಇನ್ನು ಕೆಲವರಿಗೆ ದೇಶ ಸುತ್ತುತ್ತಾ ದುಡಿಯುವ ಕನಸು. ಎರಡೂ ಸಾಧ್ಯ. ಆದರೆ ಜಾಹೀರಾತಿನಲ್ಲಿ ‘ರಿಮೋಟ್’ ಎಂದು ಬರೆದ ಮಾತ್ರಕ್ಕೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ತಿಳಿದವರೇ ಹೆಚ್ಚಾಗಿ ಪೇಚಿಗೆ ಸಿಲುಕುತ್ತಾರೆ.

ಒಂದೇ ಪದ, ಮೂರು ಅರ್ಥ

ಕಂಪನಿಗಳು ‘ರಿಮೋಟ್’ ಎನ್ನುವಾಗ ಮೂರರಲ್ಲಿ ಒಂದನ್ನು ಹೇಳುತ್ತಿರುತ್ತವೆ. ಮೊದಲನೆಯದು ಹೈಬ್ರಿಡ್: ವಾರಕ್ಕೆ ಅಥವಾ ತಿಂಗಳಿಗೆ ಇಷ್ಟು ದಿನ ಕಚೇರಿಗೆ ಬರಲೇಬೇಕು. ಎರಡನೆಯದು ಮನೆಯಿಂದ ಕೆಲಸ. ಇಲ್ಲಿ ಮನೆ ಎಂದರೆ ಕಂಪನಿಯ ದಾಖಲೆಯಲ್ಲಿರುವ ವಿಳಾಸ ಮಾತ್ರ, ಊರಿನ ಮನೆಗೂ ಪ್ರತ್ಯೇಕ ಅನುಮತಿ ಬೇಕಾಗಬಹುದು. ಮೂರನೆಯದು ‘ವರ್ಕ್ ಫ್ರಮ್ ಎನಿವೇರ್’. ನಿಜಕ್ಕೂ ಪ್ರಯಾಣಕ್ಕೆ ಅವಕಾಶ ಕೊಡುವುದು ಇದೊಂದೇ. ಅದರಲ್ಲೂ ಬಹುತೇಕ ಕಂಪನಿಗಳು ‘ಭಾರತದೊಳಗೆ ಎಲ್ಲಿಂದಲಾದರೂ’ ಎಂಬ ಗೆರೆ ಎಳೆದಿರುತ್ತವೆ.

ಕೊರೊನಾ ಕಾಲದ ಸಡಿಲಿಕೆ ಈಗ ಬಿಗಿಯಾಗಿದೆ ಎನ್ನುವುದನ್ನೂ ಮರೆಯುವಂತಿಲ್ಲ. ಠಾಣೆಯಲ್ಲಿ ದೊಡ್ಡ ಕ್ಯಾಂಪಸ್ ಹೊಂದಿರುವ ಟಿಸಿಎಸ್, 2023ರ ಅಕ್ಟೋಬರ್‌ನಿಂದ ಉದ್ಯೋಗಿಗಳನ್ನು ವಾರದ ಐದೂ ದಿನ ಕಚೇರಿಗೆ ಕರೆಯಿತು. ಇನ್ಫೋಸಿಸ್ ತಿಂಗಳಿಗೆ 10 ದಿನದ ಹಾಜರಾತಿ ನಿಯಮ ತಂದಿತು. ಮತ್ತೊಂದೆಡೆ ಗಿಟ್‌ಲ್ಯಾಬ್, ಆಟೊಮ್ಯಾಟಿಕ್‌ನಂತಹ ಕಂಪನಿಗಳು ಕೊರೊನಾಗಿಂತ ಬಹಳ ಮೊದಲೇ ಕಚೇರಿಯನ್ನು ನೆಚ್ಚಿಕೊಳ್ಳದ ವ್ಯವಸ್ಥೆ ಕಟ್ಟಿಕೊಂಡಿವೆ. ಕೆಲಸ ಹುಡುಕುವವರು ನೋಡಬೇಕಾದ ವ್ಯತ್ಯಾಸ ಇದು: ರಿಮೋಟ್ ಎನ್ನುವುದು ಆ ಕಂಪನಿ ನಡೆಯುವ ರೀತಿಯೇ ಅಥವಾ ಮ್ಯಾನೇಜರ್ ಬದಲಾದರೆ ಹೋಗಿಬಿಡುವ ಸೌಲಭ್ಯವೇ?

ಸರ್ಕಾರದ ನಿಯಮ ಅಡ್ಡಿಯಾಗುತ್ತದೆಯೇ?

ಈಗ ಅಷ್ಟಾಗಿ ಇಲ್ಲ. ಬಿಪಿಒ ಮತ್ತು ಕಾಲ್ ಸೆಂಟರ್‌ಗಳಿಗೆ ಅನ್ವಯವಾಗುತ್ತಿದ್ದ ಒಎಸ್‌ಪಿ ನಿಯಮಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ ಸಡಿಲಿಸಿ, ದೇಶದೊಳಗೆ ಎಲ್ಲಿಂದಲಾದರೂ ಕೆಲಸ ಮಾಡಲು ದಾರಿ ತೆರೆಯಿತು. ಐರೋಲಿಯ ಮೈಂಡ್‌ಸ್ಪೇಸ್‌ನಂತಹ ಕಡೆ ವಿಶೇಷ ಆರ್ಥಿಕ ವಲಯದೊಳಗಿರುವ (ಎಸ್‌ಇಝಡ್) ಕಂಪನಿಗಳಿಗೆ ಪ್ರತ್ಯೇಕ ನಿಯಮವಿದೆ. 2022ರ ಜುಲೈನಲ್ಲಿ ಸೇರಿಸಿದ 43ಎ ನಿಯಮದ ಅಡಿ ಇಂಥ ಘಟಕಗಳ ಉದ್ಯೋಗಿಗಳು ವಲಯದ ಹೊರಗಿನಿಂದಲೂ ಕೆಲಸ ಮಾಡಬಹುದು. ಹೀಗಾಗಿ ‘ಸರ್ಕಾರ ಬಿಡುವುದಿಲ್ಲ’ ಎಂದು ಎಚ್‌ಆರ್ ಹೇಳಿದರೆ ಅದು ಬಹುತೇಕ ಕಂಪನಿಯದೇ ನಿರ್ಧಾರ.

ವಿದೇಶದ ವಿಷಯ ಬೇರೆ. ಉದ್ಯೋಗಿ ಬೇರೆ ದೇಶದಲ್ಲಿ ಕುಳಿತು ದೀರ್ಘಕಾಲ ಕೆಲಸ ಮಾಡಿದರೆ ಕಂಪನಿಗೆ ಅಲ್ಲಿ ತೆರಿಗೆ ಬಾಧ್ಯತೆ ಬರುವ ಸಾಧ್ಯತೆಯಿದೆ. ಗ್ರಾಹಕರ ದತ್ತಾಂಶ ದೇಶದ ಗಡಿ ದಾಟಬಾರದೆಂಬ ಒಪ್ಪಂದಗಳೂ ಇರುತ್ತವೆ. ಕಂಪನಿಯ ಲ್ಯಾಪ್‌ಟಾಪ್ ಎಲ್ಲಿಂದ ಲಾಗಿನ್ ಆಗಿದೆ ಎಂಬುದು ಐಟಿ ವಿಭಾಗಕ್ಕೆ ತಿಳಿಯುತ್ತದೆ. ಹೇಳದೆ ಹೋಗಿ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಯಾವ ಕೆಲಸಕ್ಕೆ ಅವಕಾಶ ಹೆಚ್ಚು?

ಸಾಫ್ಟ್‌ವೇರ್, ಟೆಸ್ಟಿಂಗ್, ವಿನ್ಯಾಸ ಮತ್ತು ವಿಡಿಯೊ ಸಂಕಲನ ಎಲ್ಲರಿಗೂ ಗೊತ್ತಿರುವವು. ವಾಣಿಜ್ಯ ಪದವೀಧರರೇ ಹೆಚ್ಚಿರುವ ಡೊಂಬಿವಲಿ, ಕಲ್ಯಾಣದಂತಹ ಕಡೆ ಅಷ್ಟಾಗಿ ಗಮನಕ್ಕೆ ಬಾರದ ದಾರಿ ಎಂದರೆ ವಿದೇಶಿ ಸಣ್ಣ ಉದ್ಯಮಗಳ ಲೆಕ್ಕಪತ್ರ ನಿರ್ವಹಣೆ. ಟ್ಯಾಲಿ ಬಲ್ಲವರು ಕ್ವಿಕ್‌ಬುಕ್ಸ್ ಅಥವಾ ಝೀರೊ ತಂತ್ರಾಂಶ ಕಲಿತರೆ ಈ ಕೆಲಸಕ್ಕೆ ಅರ್ಜಿ ಹಾಕಬಹುದು. ಮೆಡಿಕಲ್ ಕೋಡಿಂಗ್‌ಗೆ ಜೀವಶಾಸ್ತ್ರದ ಹಿನ್ನೆಲೆ ಮತ್ತು ಪ್ರಮಾಣಪತ್ರ ಕೇಳುತ್ತಾರೆ.

ಭಾಷೆಯೂ ಇಲ್ಲಿ ಬಂಡವಾಳ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಲೋಕಲ್‌ನಲ್ಲಿ ಹಿಂದಿ: ಈ ಭಾಗದಲ್ಲಿ ಬೆಳೆದ ಕನ್ನಡಿಗರಿಗೆ ಇದು ಸಾಮಾನ್ಯ. ಅನುವಾದ, ಸಬ್‌ಟೈಟಲ್, ಆ್ಯಪ್‌ಗಳ ಕನ್ನಡೀಕರಣ ಮತ್ತು ಗ್ರಾಹಕ ಸೇವೆಯಲ್ಲಿ ಇದಕ್ಕೆ ಬೆಲೆ ಇದೆ. ಆದರೆ ಮಾತು ಬಂದರೆ ಸಾಲದು, ಕನ್ನಡ ಓದಿ ಬರೆಯಲು ಬರಬೇಕು. ಅನುವಾದದ ಆದಾಯ ತಿಂಗಳಿಂದ ತಿಂಗಳಿಗೆ ಏರುಪೇರಾಗುವುದರಿಂದ ಇದನ್ನೊಂದೇ ನಂಬಿ ಕಾಯಂ ನೌಕರಿ ಬಿಡುವುದು ಅವಸರವಾದೀತು.

ಗಡಿಯಾರವನ್ನೂ ನೋಡಬೇಕು. ಬ್ರಿಟನ್‌ನಲ್ಲಿ ಬೆಳಗ್ಗೆ 9 ಎಂದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ನ್ಯೂಯಾರ್ಕ್‌ನ ಬೆಳಗ್ಗೆ 9 ಇಲ್ಲಿ ಸಂಜೆ 6.30 ಅಥವಾ 7.30. ಒಂದು ರೂಮ್-ಕಿಚನ್ ಮನೆಯಲ್ಲಿ ಉಳಿದವರು ಮಲಗಿರುವಾಗ ರಾತ್ರಿ ಎರಡರವರೆಗೆ ಮೀಟಿಂಗ್‌ನಲ್ಲಿ ಮಾತನಾಡುವುದು ಹೇಗೆ ಎಂದು ಮೊದಲೇ ಯೋಚಿಸಿದರೆ ಒಳ್ಳೆಯದು.

ಆಫರ್ ಲೆಟರ್‌ನಲ್ಲಿ ಏನಿರಬೇಕು?

ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕೆಲಸದ ಸ್ಥಳ ಎಂಬಲ್ಲಿ ‘ಐರೋಲಿ’ ಎಂದಿದ್ದರೆ ಅದು ಐರೋಲಿಯ ಕೆಲಸವೇ. ಎಲ್ಲೆಲ್ಲಿಂದ ಕೆಲಸ ಮಾಡಬಹುದು, ವರ್ಷಕ್ಕೆ ಎಷ್ಟು ದಿನ, ಕಚೇರಿಗೆ ಕರೆದರೆ ಎಷ್ಟು ದಿನದ ನೋಟಿಸ್, ಆ ಪ್ರಯಾಣದ ಖರ್ಚು ಯಾರದು ಎಂಬುದು ಬರಹದಲ್ಲಿರಬೇಕು.

ಕೆಲಸಗಾರ ಉದ್ಯೋಗಿಯೋ ಗುತ್ತಿಗೆದಾರನೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಭಾರತದಲ್ಲಿ ಕಚೇರಿ ಇಲ್ಲದ ವಿದೇಶಿ ಕಂಪನಿಗಳು ಹೆಚ್ಚಾಗಿ ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತವೆ. ಆಗ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ರಜೆಯ ಸಂಬಳವಿಲ್ಲ, ಆರೋಗ್ಯ ವಿಮೆ ಸ್ವಂತ ಖರ್ಚು. ಕೆಲವು ಕಂಪನಿಗಳು ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ಭಾರತದಲ್ಲೇ ವೇತನಪಟ್ಟಿಗೆ ಸೇರಿಸುತ್ತವೆ, ಅಲ್ಲಿ ಪಿಎಫ್ ಸಿಗುತ್ತದೆ. ಡಾಲರ್‌ನಲ್ಲಿ ಕಂಡ ದೊಡ್ಡ ಮೊತ್ತವನ್ನು ಈ ಖರ್ಚುಗಳನ್ನು ಕಳೆದೇ ಹೋಲಿಸಬೇಕು.

ವಿದೇಶಿ ಗ್ರಾಹಕರು ಇಲ್ಲಿ ಟಿಡಿಎಸ್ ಕಡಿತ ಮಾಡದಿದ್ದರೆ ತೆರಿಗೆಯ ಹೊಣೆ ಪೂರ್ತಿ ದುಡಿದವರದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಎಂದು ಪರಿಚಿತವಾದ ಸರಳ ಪದ್ಧತಿಯಲ್ಲಿ ಎಂಜಿನಿಯರಿಂಗ್, ಲೆಕ್ಕಶಾಸ್ತ್ರ, ತಾಂತ್ರಿಕ ಸಲಹೆಯಂತಹ ನಿಗದಿತ ವೃತ್ತಿಯವರು ಒಟ್ಟು ಸ್ವೀಕೃತಿಯ ಶೇ 50ರಷ್ಟನ್ನು ಆದಾಯವೆಂದು ತೋರಿಸಬಹುದು. ಇದಕ್ಕೆ ಮಿತಿ 50 ಲಕ್ಷ ರೂ., ನಗದು ಸ್ವೀಕೃತಿ ಶೇ 5 ಮೀರದಿದ್ದರೆ 75 ಲಕ್ಷ ರೂ. ಎಲ್ಲ ಕೆಲಸಗಳೂ ಈ ಪಟ್ಟಿಯಲ್ಲಿಲ್ಲ, ಹಾಗಾಗಿ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಕ್ಷೇಮ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ವಿದೇಶ ಸುತ್ತುವವರಿಗೆ ವೀಸಾ

ಪ್ರವಾಸಿ ವೀಸಾ ಕೆಲಸದ ಪರವಾನಗಿಯಲ್ಲ. ದೂರದಿಂದ ದುಡಿಯುವವರಿಗೆಂದೇ ಎಸ್ಟೋನಿಯಾ 2020ರಲ್ಲಿ ಪ್ರತ್ಯೇಕ ವೀಸಾ ತಂದಿತು. ಥಾಯ್ಲೆಂಡ್ 2024ರ ಜುಲೈನಲ್ಲಿ ಆರಂಭಿಸಿದ ಡಿಟಿವಿ ವೀಸಾ ಐದು ವರ್ಷದ್ದು, ಒಮ್ಮೆ ಹೋದರೆ 180 ದಿನ ಇರಬಹುದು. ಅದಕ್ಕೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಮಲೇಷ್ಯಾದಲ್ಲಿ ‘ಡಿಇ ರಂತಾವ್’ ಎಂಬ ಯೋಜನೆ ಇದೆ. ಇವೆಲ್ಲ ಕೆಲಸ ಕೈಯಲ್ಲಿರುವವರಿಗೆ, ಅಲ್ಲಿ ಹೋಗಿ ಕೆಲಸ ಹುಡುಕುವವರಿಗಲ್ಲ.

ದುಡ್ಡು ಕೇಳಿದರೆ ಅದು ಕೆಲಸವಲ್ಲ

ಮನೆಯಿಂದ ಕೆಲಸ ಎಂದು ಟೆಲಿಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳ ದೊಡ್ಡ ಪಾಲು ವಂಚನೆ. ಹೋಟೆಲ್‌ಗೆ ರೇಟಿಂಗ್ ಕೊಡಿ ಎಂದು ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಹೆಸರಲ್ಲಿ ಸಾವಿರ, ಲಕ್ಷ ಕಟ್ಟಿಸಿಕೊಳ್ಳುತ್ತಾರೆ. ಬ್ಯಾಂಕ್ ಖಾತೆ ಬಾಡಿಗೆಗೆ ಕೇಳುವುದೂ ಉಂಟು. ಕೊಟ್ಟವರು ಸಂತ್ರಸ್ತರಾಗಿ ಉಳಿಯುವುದಿಲ್ಲ, ಆರೋಪಿಗಳಾಗುತ್ತಾರೆ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆ.

ಪ್ರಯಾಣದ ಆಸೆ ತೋರಿಸುವ ಬಲೆ ಇನ್ನೂ ಭಯಾನಕ. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್‌ನ ಮ್ಯಾವಡಿ ಪ್ರದೇಶದ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನವೊಂದರಲ್ಲೇ ಇಂಥ 283 ಭಾರತೀಯರನ್ನು ವಾಪಸ್ ಕರೆತರಲಾಯಿತು. ವಿದೇಶಿ ನೌಕರಿ ಕೊಡಿಸುವ ಏಜೆಂಟರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಅವರು ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂ. ಮತ್ತು ಜಿಎಸ್‌ಟಿ.

ಮೊದಲು ಊರಿನಲ್ಲೇ ಪರೀಕ್ಷೆ

ದೇಶ ಸುತ್ತುವ ಮೊದಲು ಊರಿಂದ ಎರಡು ವಾರ ಕೆಲಸ ಮಾಡಿ ನೋಡುವುದು ಕಡಿಮೆ ಖರ್ಚಿನ ಪ್ರಯೋಗ. ಅದನ್ನು ಮಳೆಗಾಲದಲ್ಲಿ ಮಾಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಆಟಿ ತಿಂಗಳ ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳಲಾಗದು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕೇಬಲ್‌ನವರ ಕಡೆ ಬ್ಯಾಕಪ್ ಇಲ್ಲದಿದ್ದರೆ ನೆಟ್ ಇರುವುದಿಲ್ಲ. ಫೈಬರ್ ಸಂಪರ್ಕದ ಜೊತೆ ಬೇರೆ ಕಂಪನಿಯ ಸಿಮ್ ಒಂದು ಇರಲಿ. ಅದರ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಠಾಣೆ, ಪನ್ವೇಲ್‌ನಲ್ಲಿ ನಿಲ್ಲುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಕುಂದಾಪುರ, ಉಡುಪಿ ಮುಟ್ಟಿಸುತ್ತದೆ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿ 120ರಿಂದ 60 ದಿನಕ್ಕೆ ಇಳಿದಿದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಪ್ರತ್ಯೇಕ ವೇಳಾಪಟ್ಟಿ ಪಾಲಿಸುವುದರಿಂದ ರೈಲುಗಳು ನಿಧಾನವಾಗಿ ಓಡುತ್ತವೆ. ಹಾಗಾಗಿ ಊರು ತಲುಪುವ ದಿನವೇ ಮೀಟಿಂಗ್ ಇಟ್ಟುಕೊಳ್ಳದಿರುವುದು ಒಳ್ಳೆಯದು.